ವಿಮಾನದ ತೇಪೆಗೆ ಪ್ರಮಾಣವೇನು?

ಹರಿದ ಬಟ್ಟೆಗೆ ತೇಪೆ ಹಾಕುವುದೂ ಸೋರುವ ಪಾತ್ರೆಗೆ ಬೆಸುಗೆ ಹಾಕಿಸುವುದೂ ಗೃಹಸ್ಥರಾದವರಿಗೆ ಹೊಸತಲ್ಲ. ಈ ಕೆಲಸಗಳಿಗೆ ಕೈಚಳಕವೊಂದೇ ಸಾಕು. 'ನೀನು ಹೀಗೆ ಹೊಲಿಯುವುದಕ್ಕೆ ಆಧಾರವೇನಯ್ಯ?' ಎಂದು ದರ್ಜಿಯನ್ನು ಕೇಳುವವರಿಲ್ಲ. ಆದರೆ ಆಕಾಶದಲ್ಲಿ ಸಂಚರಿಸುವ ಯಂತ್ರಕ್ಕೆ ತೇಪೆ ಹಾಕುವವನು ಮೊದಲು ಆ ಪ್ರಶ್ನೆಗೆ ಉತ್ತರ ಹೇಳಿ, ಅನಂತರ ಸುತ್ತಿಗೆಯನ್ನು ಮುಟ್ಟತಕ್ಕದ್ದು. ನಮ್ಮಲ್ಲಿ ಸಂಸ್ಕೃತವನ್ನು ಓದಿದ ಶಿಷ್ಯನೊಬ್ಬನು ಈಗ ಅಮೆರಿಕಾ ದೇಶದಲ್ಲಿ ಲಘುವಿಮಾನಗಳನ್ನು ದುರಸ್ತುಮಾಡುವ ಉದ್ಯೋಗದಲ್ಲಿದ್ದಾನೆ. ಆತನು ಕಳೆದ ಬೇಸಗೆಯಲ್ಲಿ ಊರಿಗೆ ಬಂದು ತನ್ನ ವೃತ್ತಿಧರ್ಮವನ್ನು ವಿವರಿಸಿದಾಗ, ಅದು ನಮ್ಮ ಶಾಸ್ತ್ರವಿಚಾರಕ್ಕೆ ಎಷ್ಟು ಸಮೀಪವಾಗಿದೆಯೆಂದು ನಾವು ಬೆರಗಾದೆವು.

ಲಘುವಿಮಾನವೆಂದರೆ ಮೋಟಾರುಬಂಡಿಯಂತೆ ಪಿಸ್ಟನ್ ಯಂತ್ರದಿಂದ ನಡೆಯುವ, ಇಬ್ಬರು ನಾಲ್ವರು ಕೂರಬಹುದಾದ ಚಿಕ್ಕ ವಿಮಾನ. ಬೆಂಗಳೂರಿನಲ್ಲಿ ನಿರ್ಮಿತವಾಗಿ ೧೯೫೮ರಲ್ಲಿ ಮೊದಲು ಹಾರಿದ 'ಪುಷ್ಪಕ'ವು ಈ ಜಾತಿಯದು. ಅಮೆರಿಕಾದಲ್ಲಿ ೧೯೫೫ರಲ್ಲಿ ಮೊದಲು ಹಾರಿದ 'ಸೆಸ್ನಾ ೧೭೨' ಈ ಜಾತಿಯಲ್ಲಿ ಅತ್ಯಂತ ಪ್ರಸಿದ್ಧವಾದುದು. ಸೆಸ್ನಾದಂಥ ವಿಮಾನದ ಮೈಮೇಲಿನ ಅಲ್ಯೂಮಿನಿಯಂ ತಗಡು ಬರಿಯ ಹೊದಿಕೆಯಲ್ಲ, ಭಾರವನ್ನು ಹೊರುವ ಅಂಗ. ಆದುದರಿಂದ ತೇಪೆಯ ಲೋಹವು ಮೂಲದ ಜಾತಿಯದೇ ಆಗಿರಬೇಕು. ದಪ್ಪವು ಮೂಲಕ್ಕಿಂತ ಕಡಮೆಯಾಗಕೂಡದು. ರಿವೆಟ್ ಮೊಳೆಯ ನಡುವಿನಿಂದ ತಗಡಿನ ಅಂಚಿಗೆ ಮೊಳೆಯ ವ್ಯಾಸದ ೨ರಷ್ಟಾದರೂ, ಮೊಳೆಯಿಂದ ಮೊಳೆಗೆ ೩ರಷ್ಟಾದರೂ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಅಂತರ ಕಿರಿದಾದರೆ ಒತ್ತೊತ್ತಾಗಿ ತೂತು ಮಾಡಿದ ಚರ್ಮದ ಪಟ್ಟಿಯಂತೆ ತಗಡು ಹರಿಯುತ್ತದೆ. ಹಾಗೆಂದು ತೇಪೆಯನ್ನು ಮಿತಿಮೀರಿ ದಪ್ಪಮಾಡಿದರೂ ಕ್ಷೇಮವಿಲ್ಲ. ಬಾಗದ ತೇಪೆಯ ಅಂಚಿನಲ್ಲಿ ಭಾರವೆಲ್ಲ ನೆರೆದು ಅಲ್ಲಿಯೇ ಹೊಸ ಬಿರುಕು ಹುಟ್ಟುವುದು. ಒಳ್ಳೆಯ ಮನಸ್ಸಿನಿಂದ ಮಾಡಿದ ಅತಿರೇಕವೂ ಇಲ್ಲಿ ಅಪಾಯವೇ.

ಹಾಗಾದರೆ ಪ್ರಮಾಣವನ್ನು ಎಲ್ಲಿ ಹುಡುಕಬೇಕು? ಮೊದಲನೆಯದು, ಸರಕಾರವು ಹೊರಡಿಸುವ ಕಡ್ಡಾಯವಾದ ಆದೇಶಗಳು, ಇವನ್ನು ಮೀರುವಂತಿಲ್ಲ. ಎರಡನೆಯದು, ವಿಮಾನವನ್ನು ಕಟ್ಟಿದವರ ಕೈಪಿಡಿ. ಸೆಸ್ನಾ ವಿಮಾನಗಳಲ್ಲಿ ೧೯೯೬ರಿಂದ ಈಚಿನವುಗಳಿಗೆ ರಚನೆಯ ದುರಸ್ತಿಗೆಂದೇ ಬೇರೆ ಗ್ರಂಥವಿದೆ. ಹಳೆಯವುಗಳಿಗೆ ಸರ್ವಿಸ್ ಕೈಪಿಡಿಯಲ್ಲಿಯೇ ಒಂದು ಅಧ್ಯಾಯವಿದೆ. ಕೈಪಿಡಿಯು ಮೌನವಾಗಿದ್ದಲ್ಲಿ ಮಾತ್ರ ಮೂರನೆಯದಕ್ಕೆ ಹೋಗಬೇಕು. ಅದು ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ೧೯೯೮ರಲ್ಲಿ ಪ್ರಕಟಿಸಿದ ೪೩.೧೩–೧ಬಿ ಎಂಬ ಸಲಹಾಪತ್ರ. ಸಂಸ್ಕೃತ ವ್ಯಾಕರಣವನ್ನು ಓದಿದವರು ಇಲ್ಲಿ ನಸುನಗುವರು: ಇದು ಉತ್ಸರ್ಗ, ಕೈಪಿಡಿಯು ಅಪವಾದ, ಸಾಮಾನ್ಯವನ್ನು ವಿಶೇಷವು ಬಾಧಿಸುತ್ತದೆ.

ಇನ್ನೊಂದು ಸೂಕ್ಷ್ಮವುಂಟು. 'ಸ್ವೀಕಾರಯೋಗ್ಯ' ಮತ್ತು 'ಅನುಮೋದಿತ' ಎಂಬ ಎರಡು ಮಾತುಗಳನ್ನು ಅವರು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಸಣ್ಣ ದುರಸ್ತಿಗೆ ಮೊದಲನೆಯದು ಸಾಕು. ಕೆಟ್ಟರೆ ವಿಮಾನದ ಬಲವೇ ಕುಂದಬಹುದಾದ ದೊಡ್ಡ ದುರಸ್ತಿಗೆ ಎರಡನೆಯದೇ ಬೇಕು. ಮೇಲೆ ಹೇಳಿದ ಸಲಹಾಪತ್ರವು ತಾನಾಗಿ ಸ್ವೀಕಾರಯೋಗ್ಯ ಮಾತ್ರ. ಅದರ ವಿಧಾನವು ಆ ವಿಮಾನಕ್ಕೆ ಉಚಿತವಾಗಿದ್ದು, ಆ ದುರಸ್ತಿಗೆ ನೇರವಾಗಿ ಅನ್ವಯಿಸಿ, ನಿರ್ಮಾಪಕರ ಮಾತಿಗೆ ವಿರುದ್ಧವಾಗಿಲ್ಲದಿದ್ದರೆ ಮಾತ್ರ ಅನುಮೋದಿತದ ಪದವಿಗೆ ಏರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಅಧಿಕಾರವುಳ್ಳ ಎಂಜಿನಿಯರನಿಂದಲೋ ಸರಕಾರಿ ಪರೀಕ್ಷಕನಿಂದಲೋ ಅನುಮೋದನೆಯನ್ನು ಪಡೆಯಬೇಕು.

ನಮ್ಮ ಶಿಷ್ಯನಿಗೆ ಇದರಿಂದ ಬಂದ ಕಷ್ಟವನ್ನು ಹೇಳಬೇಕು. ಗಿರಾಕಿಯೊಬ್ಬನ ವಿಮಾನದಲ್ಲಿ ಬಾಲದ ಬಳಿಯ ಪಕ್ಕೆಲುಬು ಬಿರಿದಿತ್ತು. ಕೈಪಿಡಿಯಲ್ಲಿ ಆ ಸ್ಥಳದ ಮಾತಿರಲಿಲ್ಲ. ಸಲಹಾಪತ್ರದ ವಿಧಾನವೂ ನೇರವಾಗಿ ಹೊಂದುತ್ತಿರಲಿಲ್ಲ. ಗಿರಾಕಿಯು ತನ್ನ ಸ್ನೇಹಿತನ ವಿಮಾನಕ್ಕೆ ಹಿಂದೆ ದೊರೆತಿದ್ದ ಅನುಮತಿಪತ್ರವನ್ನು ತಂದು, 'ಇದರಂತೆಯೇ ಮಾಡು' ಎಂದನು. ಆ ಅನುಮತಿಯು ಆ ಒಂದು ವಿಮಾನಕ್ಕೆ ಮಾತ್ರ ಸಂದುದು. ಇನ್ನೊಂದಕ್ಕೆ ದಾರಿ ತೋರಿಸಬಹುದೇ ಹೊರತು ಅಪ್ಪಣೆಯಾಗಲಾರದು. ಎಂಜಿನಿಯರನ ನಕ್ಷೆ ಬರುವವರೆಗೆ ಕಾಯಬೇಕೆಂದು ಇವನು ಹೇಳಲು, ಗಿರಾಕಿಯು ಮುನಿದು ವಿಮಾನವನ್ನು ಬೇರೆಡೆಗೆ ಸಾಗಿಸಿದನು. ಯಜಮಾನನೂ ಮುಖ ಸಿಂಡರಿಸಿದನು. 'ಪಶ್ಚಾತ್ತಾಪವಾಯಿತೇ?' ಎಂದು ನಾವು ಕೇಳಿದೆವು. 'ಕೆಳಗೆ ಬೀಳುವ ರುಜು ನನ್ನದಲ್ಲವೇ, ಗುರುಗಳೇ?' ಎಂದು ಮಾತ್ರ ಹೇಳಿದನು.

ಆ ರುಜು ಸಾಮಾನ್ಯವಾದುದಲ್ಲ. ದೊಡ್ಡ ದುರಸ್ತಿಯ ವಿವರವನ್ನು ೩೩೭ನೆಯ ನಮೂನೆಯ ಪತ್ರದಲ್ಲಿ ಬರೆಯುತ್ತಾರೆ. ಒಂದು ಪ್ರತಿ ಒಡೆಯನಿಗೆ. ಇನ್ನೊಂದು, ವಿಮಾನವನ್ನು ಹಾರಾಟಕ್ಕೆ ಒಪ್ಪಿಸಿದ ೪೮ ಗಂಟೆಗಳೊಳಗೆ ಸರಕಾರಕ್ಕೆ. ಅದು ಓಕ್ಲಹೋಮಾ ನಗರದ ದಫ್ತರದಲ್ಲಿ ಉಳಿಯುತ್ತದೆ. ಮುಂದೆ ಆ ವಿಮಾನವನ್ನು ಕೊಳ್ಳುವವನು, ಯಾವ ತೇಪೆಯನ್ನು ಯಾರು, ಯಾವ ಆಧಾರದಿಂದ ಹಾಕಿದರೆಂಬುದನ್ನು ಓದಿ ತಿಳಿಯಬಹುದು.

ತೇಪೆಯೇ ಸಲ್ಲದ ಸ್ಥಳಗಳೂ ಉಂಟು. ೨೦೧೮ರ ಏಪ್ರಿಲ್ ೪ರಂದು ಫ್ಲೋರಿಡಾದ ಡೇಟೋನಾ ಬೀಚಿನಲ್ಲಿ ಶಿಕ್ಷಣಕ್ಕೆ ಬಳಸುತ್ತಿದ್ದ ಪೈಪರ್ ವಿಮಾನವೊಂದರ ರೆಕ್ಕೆಯು ಆಕಾಶದಲ್ಲಿಯೇ ಕಳಚಿ ಇಬ್ಬರು ಮಡಿದರು. ರೆಕ್ಕೆಯ ಮುಖ್ಯ ತೊಲೆಯಲ್ಲಿ, ಬೋಲ್ಟಿನ ತೂತಿನ ಬಳಿ, ಕಣ್ಣಿಗೆ ಕಾಣದ ಬಿರುಕು ಬೆಳೆದಿತ್ತು. ಅನಂತರ ೨೦೨೧ರಲ್ಲಿ ಜಾರಿಗೆ ಬಂದ ಆದೇಶದಂತೆ ಆ ತೂತುಗಳನ್ನು ವಿದ್ಯುತ್ಪ್ರವಾಹದ ಉಪಕರಣದಿಂದ ಪರೀಕ್ಷಿಸಬೇಕು. ಬಿರುಕು ಕಂಡರೆ ತೊಲೆಯನ್ನೇ ಬದಲಿಸಬೇಕು.

ಪ್ರಮಾಣವನ್ನು ಕೇಳುವುದು ಕೈಲಾಗದವರ ಕಾಲಹರಣವೆಂದು ಹಲವರು ತಿಳಿದಿರುವರು. ವಿಮಾನವನ್ನು ಹತ್ತಿ ಹಾರಲು ಕಲಿಯುವ ಹುಡುಗನಿಗೆ ರಿವೆಟ್ಟಿನ ಅಂತರವು ತಿಳಿಯದು. ದುರಸ್ತು ಮಾಡಿದವನ ಮುಖವನ್ನೂ ಅವನು ಕಂಡಿರುವುದಿಲ್ಲ. ಅವನ ಪರವಾಗಿ ಆ ಪ್ರಶ್ನೆಯನ್ನು ಕೇಳಬೇಕಾದವನು ಸುತ್ತಿಗೆ ಹಿಡಿದವನೇ. ಗಿರಾಕಿಯನ್ನು ಕಳೆದುಕೊಂಡರೂ ಅದನ್ನು ಕೇಳಿದ ಶಿಷ್ಯನ ವಿಷಯದಲ್ಲಿ ನಮಗೆ ಸಂತೋಷವಿದೆ.