ಗಾಡಿಯ ಹದ

ಬಂಡಿ ಹೂಡಿ ಬಾಳಿದ ಮನೆತನದವರಿಗೆ ಮುಂಭಾರ ಹಿಂಭಾರಗಳ ವಿಚಾರವು ಹೊಸದಲ್ಲ. ಹೊರೆಯು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಅಮುಕುವುದು. ಹಿಂದಕ್ಕೆ ಹೆಚ್ಚಾದರೆ ನೊಗವು ಮೇಲಕ್ಕೆದ್ದು ಕೊರಳ ಹಗ್ಗವು ಅವುಗಳ ಗಂಟಲನ್ನು ಬಿಗಿಯುವುದು. ನಮ್ಮ ತೀರ್ಥರೂಪರು ಚಿಕ್ಕೋಡಿ ತಾಲೂಕಿನ ನಮ್ಮ ಊರಿನಿಂದ ನಿಪ್ಪಾಣಿಯ ಪೇಟೆಗೆ ತಂಬಾಕು ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಮೂಟೆಗಳನ್ನೆಲ್ಲ ಒಟ್ಟಿದ ಮೇಲೆ ಒಂದೇ ಕೈಯಿಂದ ನೊಗವನ್ನೆತ್ತಿ ನೋಡಿ, "ಇನ್ನೊಂದು ಮೂಟೆ ಹಿಂದಕ್ಕೆ" ಎನ್ನುತ್ತಿದ್ದರು. ಆ ಕೈಯ ಲೆಕ್ಕವು ತಪ್ಪಿದುದನ್ನು ನಾವು ಕಾಣೆವು. ಇದೆಲ್ಲವೂ ಇಷ್ಟು ವರ್ಷಗಳ ಮೇಲೆ, ಕಂಪ್ಯೂಟರಿನ ಪರದೆಯ ಮುಂದೆ ಕುಳಿತಾಗ ನಮ್ಮ ನೆನಪಿಗೆ ಬಂದೀತೆಂದು ನಾವು ಎಣಿಸಿರಲಿಲ್ಲ.

ವಾಚಕರಿಗೆ ಮೊದಲು ನಮ್ಮ ಮನೆಯ ಸಂಗತಿಯನ್ನು ಅರಿಕೆ ಮಾಡಬೇಕು. ನಮ್ಮ ಅಣ್ಣನವರು ಸ್ವಂತದ ಟೆಂಪೋ ಇಟ್ಟುಕೊಂಡು ತರಕಾರಿ ಸಾಗಿಸುತ್ತಿದ್ದರು. 2016ನೆಯ ಇಸವಿಯಲ್ಲಿ ಒಂದು ಬೆಳಗಿನ ಜಾವ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಅವರ ಗಾಡಿಯು ಉರುಳಿತು; ಅವರು ಮನೆಗೆ ಮರಳಲಿಲ್ಲ. ಆಗ ಅವರ ಒಬ್ಬನೇ ಮಗನು ಎಂಟು ವರ್ಷದವನು. ಅಂದಿನಿಂದ ನಮ್ಮ ವೈನಿಯವರು ಒಂದೇ ಮಾತನ್ನು ಹಿಡಿದಿದ್ದರು: ಈ ಹುಡುಗನ ಕೈಗೆ ಸ್ಟಿಯರಿಂಗ್ ಬರಕೂಡದು.

2024ರ ಬೇಸಗೆಯಲ್ಲಿ ಹುಡುಗನು ಅಂಗಡಿಯೊಂದರಲ್ಲಿ ದುಡಿದು ಗಳಿಸಿದ ಹಣದಿಂದ, ಯಾರಿಗೂ ತಿಳಿಸದೆ, ಕೊಲ್ಹಾಪುರದಲ್ಲಿ ಯಾರೋ ಬಳಸಿ ಬಿಟ್ಟ ಒಂದು ಆಟದ ಸ್ಟಿಯರಿಂಗನ್ನೂ ಕಾಲಿನ ಪೆಡಲುಗಳನ್ನೂ ಕೊಂಡು ತಂದನು. ಓದಿಗೆಂದು ಕೊಡಿಸಿದ್ದ ಕಂಪ್ಯೂಟರಿಗೆ ಅವನ್ನು ಜೋಡಿಸಿ ರಾತ್ರಿ ಕದವಿಕ್ಕಿಕೊಂಡು ಓಡಿಸುತ್ತಿದ್ದನು. ವೈನಿಯವರು ಒಮ್ಮೆ ಕದ ತೆರೆದು ಆ ಚಕ್ರವನ್ನು ಕಂಡವರೇ ಹೊಸ್ತಿಲಲ್ಲಿ ಕುಸಿದು ಕುಳಿತರು. "ಅದನ್ನ ಒಡೆದು ಹಾಕ್ರಿ" ಎಂದು ನಮಗೆ ಹೇಳಿದರು. ನಾವು ಹದಿನೈದು ದಿನಗಳ ಅವಕಾಶವನ್ನು ಬೇಡಿಕೊಂಡೆವು. ಕಂಡು ತಿಳಿಯದ ವಸ್ತುವನ್ನು ಒಡೆಯುವುದು ನಮಗೆ ಸರಿದೋರಲಿಲ್ಲ.

ಹೀಗೆ, ಸಹಕಾರಿ ಸಂಘದ ಲೆಕ್ಕ ಬರೆಯುತ್ತ ಐವತ್ತು ದಾಟಿದ ನಾವು ಹುಡುಗನ ಮಗ್ಗುಲಲ್ಲಿ ಶಿಷ್ಯರಾಗಿ ಕುಳಿತೆವು. ಅಸೆಟ್ಟೊ ಕೊರ್ಸಾ ಎಂಬ ಹೆಸರಿನ ಆ ಆಟವನ್ನು ಇಟಲಿಯವರು 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದರು. ಅದರೊಳಗಿನ ಮೋಂಝಾ ಎಂಬ ಓಟದ ದಾರಿಯು ಇಟಲಿಯಲ್ಲಿ 1922ರಲ್ಲಿ ನಿಜವಾಗಿ ಕಟ್ಟಿದ ದಾರಿ. ಈಗಿನ ಸುತ್ತಳತೆ 5.793 ಕಿಲೋಮೀಟರು. ಅದರ ಏರಿಳಿತಗಳನ್ನು ಲೇಸರ್ ಕಿರಣದಿಂದ ಅಳೆದು ಪರದೆಯಲ್ಲಿ ಇಳಿಸಿದ್ದಾರೆ. ಬೆಳಗಾವಿ, ಪುಣೆ, ಬೆಂಗಳೂರುಗಳ ಹುಡುಗರು ಒಂದು ಕ್ಲಬ್ಬು ಮಾಡಿಕೊಂಡು, ಆದಿತ್ಯವಾರ ರಾತ್ರಿ ತಂತಮ್ಮ ಮನೆಗಳಲ್ಲಿಯೇ ಕುಳಿತು ಇಂಟರ್‌ನೆಟ್ಟಿನ ಮೂಲಕ ಒಂದೇ ದಾರಿಯಲ್ಲಿ ಓಡುತ್ತಾರೆ. ಕೆಲವು ಪಂದ್ಯಗಳಲ್ಲಿ ಎಲ್ಲರ ಕಾರಿನ ಹದವೂ ಒಂದೇ ಇರಬೇಕೆಂಬ ಕಟ್ಟಳೆ ಇರುತ್ತದೆ; ಇನ್ನು ಕೆಲವುಗಳಲ್ಲಿ ಅವರವರ ಕಾರನ್ನು ಅವರವರೇ ಹದಗೊಳಿಸಿಕೊಳ್ಳಬೇಕು. ನಮ್ಮ ಹುಡುಗನಿಗೆ ತೊಡಕಾಗಿದ್ದುದು ಈ ಎರಡನೆಯ ಬಗೆಯದು.

ಓಟದ ಹುಚ್ಚು ನಮ್ಮ ಸೀಮೆಗೆ ಹೊಸದೆಂದು ಯಾರೂ ಹೇಳಲಾರರು. ಅಥಣಿ, ಕಾಗವಾಡ, ರಾಯಬಾಗಗಳ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತನ್ನು ನೋಡದೆ ಬೆಳೆದವರು ವಿರಳ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಓಟಗಳನ್ನು ನಿಲ್ಲಿಸಿತು; 2017ರಲ್ಲಿ ನಮ್ಮ ರಾಜ್ಯವು ಕಂಬಳಕ್ಕೂ ಗಾಡಿಯ ಓಟಕ್ಕೂ ಅವಕಾಶವಾಗುವಂತೆ ಕಾಯಿದೆಯನ್ನು ತಿದ್ದಿತು; 2023ರ ಮೇ 18ರಂದು ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪರದೆಯ ಓಟದಲ್ಲಿ ಎತ್ತಿಗೂ ನೋವಿಲ್ಲ, ಸವಾರನಿಗೂ ನೋವಿಲ್ಲವೆಂಬುದು ನಮಗೆ ಮೊದಲು ಹೊಳೆದ ಗುಣ. ಬರಿಯ ಹುಡುಗಾಟವೆಂದೂ ಅದನ್ನು ಅಲ್ಲಗಳೆಯುವಂತಿಲ್ಲ. ಇಂಗ್ಲೆಂಡಿನ ಕಡೆಯ ಜಾನ್ ಮಾರ್ಡನ್‌ಬರೋ ಎಂಬ ತರುಣನು 2011ರಲ್ಲಿ ಇಂಥ ಆಟದ ಸ್ಪರ್ಧೆಯಿಂದಲೇ ಆಯ್ಕೆಯಾಗಿ, 2013ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿಯ 24 ತಾಸಿನ ನಿಜವಾದ ಓಟದಲ್ಲಿ ಕಾರು ನಡೆಯಿಸಿದನು.

ಹದಗೊಳಿಸುವ ವಿದ್ಯೆಯಲ್ಲಿ ನಾವು ಕಲಿತ ಮೊದಲನೆಯ ಪಾಠವು ಟೈರಿನ ಗಾಳಿಯದು. ತಣ್ಣಗಿರುವಾಗ 22 ಪೌಂಡು ತುಂಬಿದ ಗಾಳಿಯು ನಾಲ್ಕು ಸುತ್ತು ಓಡುವಷ್ಟರಲ್ಲಿ ಕಾವೇರಿ 27ಕ್ಕೆ ಹೋಗಿತ್ತು. ಆದುದರಿಂದ ಓಡುವ ಮೊದಲಿನ ಅಳತೆಗಿಂತ ಓಡಿದ ಮೇಲಿನ ಅಳತೆಯೇ ಮುಖ್ಯ. ಟೈರಿನ ಒಳಬದಿ, ನಡು, ಹೊರಬದಿಗಳ ಕಾವನ್ನು ಬೇರೆಬೇರೆಯಾಗಿ ನೋಡಬೇಕು: ನಡುವು ಎರಡೂ ಬದಿಗಳಿಗಿಂತ ಬಿಸಿಯಾದರೆ ಗಾಳಿ ಹೆಚ್ಚಾಯಿತು, ಎರಡೂ ಬದಿಗಳು ನಡುವಿಗಿಂತ ಬಿಸಿಯಾದರೆ ಗಾಳಿ ಕಡಿಮೆಯಾಯಿತು. ಗಾಲಿಯ ತಲೆಯನ್ನು ತುಸು ಒಳಕ್ಕೆ ವಾಲಿಸುವುದನ್ನು ಕ್ಯಾಂಬರ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ಹೊರಕ್ಕೆ ಒರಗಿದಾಗ ಹೊರಗಾಲಿಯು ನೆಲಕ್ಕೆ ಸಮನಾಗಿ ಕೂರಲೆಂದು ಆ ಏರ್ಪಾಡು.

ಎರಡನೆಯದು, ಕಾರು ಹೇಳುವ ದೂರನ್ನು ತಿಳಿಯುವುದು. ಸ್ಟಿಯರಿಂಗನ್ನು ತಿರುಗಿಸಿದರೂ ಮೂತಿಯು ತಿರುಗದೆ ಮುಂದಕ್ಕೆ ಜಾರಿದರೆ ಅದು ಅಂಡರ್‌ಸ್ಟಿಯರ್. ಹಿಂಗಾಲಿಗಳು ಜಾರಿ ಬಾಲವು ಹೊರಕ್ಕೆ ಬಂದರೆ ಓವರ್‌ಸ್ಟಿಯರ್. ಬಲಗಾಲಿ ಎಡಗಾಲಿಗಳನ್ನು ಕೂಡಿಸಿ ಒರಗುವಿಕೆಯನ್ನು ತಡೆಯುವ ಸರಳನ್ನು ಮುಂದುಗಡೆ ಸಡಿಲಿಸಿದರೆ ಮೂತಿಗೆ ಹಿಡಿತ ಬರುವುದು. ಹಿಂದುಗಡೆ ಸಡಿಲಿಸಿದರೆ ಬಾಲಕ್ಕೆ ಹಿಡಿತ ಬರುವುದು. ಬ್ರೇಕಿನ ಬಲವನ್ನು ಮುಂಗಾಲಿಗಳಿಗೆ ಹೆಚ್ಚು ಹಂಚಿದರೆ ಕಾರು ನೆಟ್ಟಗೆ ನಿಲ್ಲುವುದು, ಆದರೆ ತಿರುಗಲು ಒಲ್ಲೆನೆನ್ನುವುದು. ಹಿಂಗಾಲಿಗಳಿಗೆ ಹೆಚ್ಚು ಹಂಚಿದರೆ ಚುರುಕಾಗಿ ತಿರುಗುವುದು, ಆದರೆ ಬುಗುರಿಯಾಗುವ ಭಯವಿರುವುದು. ಹಿಂದಿನ ರೆಕ್ಕೆಯನ್ನು ಎತ್ತಿದರೆ ಗಾಳಿಯು ಕಾರನ್ನು ನೆಲಕ್ಕೊತ್ತಿ ತಿರುವಿನಲ್ಲಿ ಹಿಡಿತ ಕೊಡುವುದು. ಇಳಿಸಿದರೆ ನೆಟ್ಟನೆಯ ದಾರಿಯಲ್ಲಿ ವೇಗ ಕೊಡುವುದು. 40 ಲೀಟರು ಪೆಟ್ರೋಲೆಂದರೆ ಸುಮಾರು 30 ಕಿಲೋ ಭಾರ. ಅದು ಕರಗಿದಂತೆ ಕಾರಿನ ನಡೆಯೂ ಬದಲಾಗುವುದು. ಇದನ್ನು ಕೇಳುತ್ತಿದ್ದಾಗಲೇ ನಮಗೆ ತೀರ್ಥರೂಪರು ಒಂದೇ ಕೈಯಿಂದ ನೊಗವನ್ನೆತ್ತುತ್ತಿದ್ದುದು ನೆನಪಾದದ್ದು. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆಯಿಂದ ತೆಗೆದುಕೊಳ್ಳದ ಹದವೆಂಬುದು ಇಲ್ಲವೇ ಇಲ್ಲ.

ಮೂರನೆಯ ಪಾಠವೇ ಕಠಿಣವಾದುದು. "ಕಾಕಾ, ಒಮ್ಮೆಲೆ ಎರಡು ಬದಲು ಮಾಡಬ್ಯಾಡ್ರಿ. ಯಾವುದರಿಂದ ಏನಾತು ಅಂತ ತಿಳಿಯೂದಿಲ್ಲ" ಎಂದು ಹುಡುಗನು ಎಚ್ಚರಿಸಿದನು. ನಾವು ಒಂದು ವಹಿಗೆ ಗೆರೆ ಹೊಡೆದು, ಏನು ಬದಲಿಸಿದೆವು, ಎಷ್ಟು ಬದಲಿಸಿದೆವು, ಸುತ್ತಿನ ಕಾಲವೆಷ್ಟು, ಕಾರು ಏನೆಂದಿತು ಎಂದು ನಾಲ್ಕು ಅಂಕಣಗಳಲ್ಲಿ ಬರೆಯತೊಡಗಿದೆವು. ಒಂದು ಬದಲಾವಣೆ, ಐದು ಸುತ್ತು, ಒಂದು ಸಾಲು. ಹತ್ತು ದಿನಗಳಲ್ಲಿ ಹುಡುಗನ ಸುತ್ತಿನ ಕಾಲವು ಎರಡು ಸೆಕೆಂಡು ಇಳಿಯಿತು. ಊಟದ ಹೊತ್ತಿನಲ್ಲಿ ನಮ್ಮೊಡನೆ ಎರಡು ಮಾತನಾಡದಿದ್ದವನು ಈಗ ಮಾತನ್ನೇ ನಿಲ್ಲಿಸುತ್ತಿರಲಿಲ್ಲ.

ಪಂದ್ಯದ ಆದಿತ್ಯವಾರ ಬಂದಿತು. ಆ ಸಂಜೆ ನಮಗೆ ದುರಾಸೆ ಹುಟ್ಟಿತು. ಮೋಂಝಾದಲ್ಲಿ ನೆಟ್ಟನೆಯ ದಾರಿಯೇ ಹೆಚ್ಚು. ರೆಕ್ಕೆಯನ್ನು ಇನ್ನೂ ಇಳಿಸಿದರೆ ಇನ್ನೂ ವೇಗವಲ್ಲವೇ? "ಇನ್ನೊಂದು ಕಡಿಮೆ ಮಾಡು" ಎಂದೆವು. ಅಷ್ಟಕ್ಕೆ ಬಿಡದೆ ಬ್ರೇಕನ್ನೂ ಹಿಂದಕ್ಕೆ ಹಂಚಿಸಿದೆವು. ಹುಡುಗನು ನಮ್ಮ ಮುಖವನ್ನು ನೋಡಿ, ಹಿರಿಯರ ಮಾತೆಂದು ಒಪ್ಪಿದನು. ಏಳನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಬ್ರೇಕೊತ್ತಿದೊಡನೆ ಬಾಲವು ಹೊರಬಿದ್ದು, ಕಾರು ಗಿರಕಿ ಹೊಡೆದು ಗೋಡೆಗೆ ಅಪ್ಪಳಿಸಿತು. ಹುಡುಗನು ಒಂದು ಗುಂಡಿಯನ್ನೊತ್ತಿದನು. ಕಾರು ಹೊಸದಾಗಿ ಕೊಟ್ಟಿಗೆಯಲ್ಲಿ ನಿಂತಿತ್ತು.

ನಾವು ಅಲ್ಲಿ ಕೂರಲಾರದೆ ಎದ್ದು ಅಂಗಳಕ್ಕೆ ಬಂದೆವು. ಕೈ ನಡುಗುತ್ತಿತ್ತು. ತುಸು ಹೊತ್ತಿನಲ್ಲಿ ಹುಡುಗನು ಓಟವನ್ನು ಬಿಟ್ಟು ಬಂದು ಕಟ್ಟೆಯ ಮೇಲೆ ಕುಳಿತನು. "ಕಾಕಾ, ಅಪ್ಪನ ಗಾಡಿ ಟೈರು ಹೆಂಗಿದ್ದವು?" ಎಂದು ಕೇಳಿದನು.

ಎಂಟು ವರ್ಷಗಳಲ್ಲಿ ನಮ್ಮನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮನೆಯ ಲೆಕ್ಕವು ನಮ್ಮ ಕೈಯಲ್ಲಿತ್ತು. ಆ ವರ್ಷ ಅಣ್ಣನವರು, ಮುಂದಿನ ಟೈರುಗಳ ಗೆರೆಗಳು ಸವೆದಿವೆ, ಹೊಸವು ಬೇಕು, ಎಂದಿದ್ದರು. ಕಬ್ಬಿನ ಬಿಲ್ಲು ಬರಲಿ, ಎಂದು ನಾವು ಉತ್ತರ ಕೊಟ್ಟಿದ್ದೆವು. "ಟೈರು: ಬಿಲ್ಲು ಬಂದ ಮೇಲೆ" ಎಂದು ನಮ್ಮ ಕೈಬರಹದಲ್ಲಿಯೇ ವಹಿಯಲ್ಲಿದೆ. ಬಿಲ್ಲಿಗಿಂತ ಮೊದಲು ಆ ಬೆಳಗಿನ ಜಾವ ಬಂದಿತು. ಮುಂದಿನ ಎಡಗಡೆಯ ಟೈರು ಒಡೆದಿತ್ತೆಂದು ಪಂಚನಾಮೆಯಲ್ಲಿತ್ತು. ಸವೆದುದರಿಂದಲೇ ಒಡೆಯಿತೆಂದು ಯಾರೂ ಬರೆಯಲಿಲ್ಲ; ಅಲ್ಲವೆಂದೂ ಯಾರೂ ಬರೆಯಲಿಲ್ಲ. ಇಷ್ಟನ್ನೂ ನಾವು ಆ ಹುಡುಗನಿಗೆ ಹೇಳಿದೆವು.

ಅವನು ಬಹಳ ಹೊತ್ತು ಸುಮ್ಮನಿದ್ದು, "ಅವ್ವಗ ಗೊತ್ತೈತೇನು?" ಎಂದನು. ಇಲ್ಲವೆಂದೆವು. "ಹೇಳ್ರಿ" ಎಂದು ಎದ್ದು ಒಳಗೆ ಹೋದನು.

ಮರುದಿನ ಬೆಳಿಗ್ಗೆ ವೈನಿಯವರು ಜೋಳ ಹಸನು ಮಾಡುತ್ತಿದ್ದಾಗ ಹೇಳಿದೆವು. ಅವರ ಕೈಯ ಮೊರವು ನಿಂತಿತು. "ಅವತ್ತು ರಾತ್ರಿನ ಅವರು ನನಗ ಹೇಳಿದ್ರು. ಬಿಲ್ಲು ಬರಲಿ ಅಂತ ನಾನೂ ಅಂದಿದ್ದೆ" ಎಂದರು. ಆಮೇಲೆ ಮೊರವು ಮತ್ತೆ ಆಡತೊಡಗಿತು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಮಾತನ್ನು ಎಂಟು ವರ್ಷ ಬೇರೆಬೇರೆಯಾಗಿ ಹೊತ್ತಿದ್ದೆವೆಂಬುದು ಆಗ ತಿಳಿಯಿತು.

ಹದಿನೈದು ದಿನಗಳ ಅವಧಿಯು ತೀರಿದ ಮೇಲೆ ವೈನಿಯವರೇ ತೀರ್ಪು ಕೊಟ್ಟರು: ಚಕ್ರವು ಮನೆಯಲ್ಲಿರಲಿ, ಓದು ಮುಗಿದ ಮೇಲೆಯೇ ಆಟ, ಕದವಿಕ್ಕಕೂಡದು. ಮುಂದಿನ ಪಂದ್ಯಕ್ಕೆ ನಾವು ರೆಕ್ಕೆಯನ್ನು ಮೊದಲಿನಂತೆ ಎತ್ತಿಸಿ, ಬಾಯಿ ಮುಚ್ಚಿಕೊಂಡು ಕುಳಿತೆವು. ಹುಡುಗನು 24 ಜನರಲ್ಲಿ ಹನ್ನೊಂದನೆಯವನಾಗಿ, ಯಾರನ್ನೂ ತಾಕದೆ ಓಟ ಮುಗಿಸಿದನು. ವೈನಿಯವರು ಬಾಗಿಲಲ್ಲಿ ನಿಂತು ಕೊನೆಯ ಎರಡು ಸುತ್ತು ನೋಡಿದರು, ಮಾತಾಡಲಿಲ್ಲ.

ಆದರೆ ವಹಿಯು ಅಲ್ಲಿಗೆ ನಿಲ್ಲಲಿಲ್ಲ. ಹುಡುಗನು ಅದರ ಹಿಂಬದಿಯಿಂದ ಹೊಸ ಅಂಕಣಗಳನ್ನು ಹಾಕಿದ್ದಾನೆ. ಪ್ರತಿ ತಿಂಗಳು ಮೊದಲನೆಯ ದಿನ, ಗಾಡಿ ಹೊರಡುವುದಕ್ಕಿಂತ ಮುಂಚೆ ಟೈರು ತಣ್ಣಗಿರುವಾಗ, ಮನೆಯ ಮೋಟಾರ್ ಸೈಕಲ್ಲು, ಟ್ರ್ಯಾಕ್ಟರು, ಕಬ್ಬಿನ ಟ್ರೇಲರುಗಳ ಗಾಳಿಯನ್ನು ಅಳೆದು ಬರೆಯುತ್ತಾನೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆಯು ಹೊರೆಯ ಕೆಳಗೆ ಮೇಲಿಂದಮೇಲೆ ಬಾಗಿ ಕಾದು ಒಡೆಯುವುದೆಂದು ನೆರೆಮನೆಯವರಿಗೂ ತಿಳಿಸಿ ಹೇಳುತ್ತಾನೆ. ಕಾರು ಲಾರಿಗಳ ಟೈರಿನ ಗೆರೆಯ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾಗಕೂಡದೆಂಬುದು ಕಾಯಿದೆ. ಗೆರೆಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮನಾದರೆ ಆ ಟೈರಿನ ಆಯುಸ್ಸು ಮುಗಿಯಿತೆಂದು ಓದು ಬಾರದವರೂ ತಿಳಿಯಬಹುದು. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಜನರು ಅಪಘಾತದಿಂದ ತೀರಿಕೊಂಡರೆಂದು ಸರಕಾರದ ಲೆಕ್ಕವು ಹೇಳುತ್ತದೆ. ಅಂತಹ ಲೆಕ್ಕದಲ್ಲಿ ಒಂದು ಅಂಕೆಯಾಗಿ ಸೇರಿದವರ ಮನೆ ನಮ್ಮದು.

ವಾಚಕರಲ್ಲಿ ಮನೆಯ ಲೆಕ್ಕ ಬರೆಯುವವರು ಅನೇಕರಿರಬಹುದು. ಅವರ ವಹಿಯಲ್ಲಿಯೂ "ಬಿಲ್ಲು ಬಂದ ಮೇಲೆ" ಎಂಬ ಸಾಲೊಂದು ಇದ್ದೀತು. ಅದು ಸೀರೆಯೋ ಪಾತ್ರೆಯೋ ಆಗಿದ್ದರೆ ಚಿಂತೆಯಿಲ್ಲ. ಟೈರು ಬ್ರೇಕುಗಳದಾಗಿದ್ದರೆ ಸಾಲ ಮಾಡಿಯಾದರೂ ಇಂದೇ ಅದನ್ನು ಹೊಡೆದುಹಾಕಿರೆಂದು ನಾವು ಕೈಮುಗಿದು ಬೇಡಿಕೊಳ್ಳುತ್ತೇವೆ. ನಮ್ಮ ವಹಿಯ ಆ ಸಾಲನ್ನು ನಾವು ಹೊಡೆದಿಲ್ಲ. ಅದು ಇದ್ದಂತೆಯೇ ಇದೆ.