ಸಿಪಿಯು ಒಳಗಿನ ನೂಲು

ಪಿಎಚ್.ಡಿ.ಯ ನಾಲ್ಕನೇ ಅಧ್ಯಾಯದ ನಡುವೆ ನನ್ನ ಕಂಪ್ಯೂಟರ್ ಆರಿಹೋಯಿತು. ಕರೆಂಟು ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹತ್ತು ನಿಮಿಷ ಬಿಟ್ಟು ಆನ್ ಮಾಡಿದರೆ ಬಂತು, ಅರ್ಧ ಪುಟ ಬರೆಯುವಷ್ಟರಲ್ಲಿ ಮತ್ತೆ ಹೋಯಿತು. ಗೈಡ್ ಕೊಟ್ಟ ಗಡುವಿಗೆ ಹನ್ನೆರಡು ದಿನ ಉಳಿದಿತ್ತು, ಫೆಲೋಶಿಪ್ ಮುಗಿದು ಐದು ತಿಂಗಳಾಗಿತ್ತು. ರಿಪೇರಿ ಅಂಗಡಿಯವನು ನೋಡದೆಯೇ ಫೋನಿನಲ್ಲಿ, “ಮದರ್‌ಬೋರ್ಡ್ ಹೋಗಿರುತ್ತೆ ಮೇಡಂ, ಹೊಸದೇ ತಗೊಂಬಿಡಿ” ಎಂದ.

“ನನ್ನಿಂದ ಏನಾದ್ರೂ ಆಯ್ತೇನೇ?” ಎಂದಳು ಅಮ್ಮ, ಹೊಲಿಗೆ ಮಿಷನ್ನಿನ ಮುಂದಿನಿಂದಲೇ.

ನಮ್ಮ ಹಾಲಿನ ಕಿಟಕಿಯ ಒಂದು ಬದಿಗೆ ಅವಳ ಮಿಷನ್ನು, ಇನ್ನೊಂದು ಬದಿಗೆ ನನ್ನ ಕಂಪ್ಯೂಟರು. ನಾನು ಎಂ.ಎ. ಸೇರಿದ ವರ್ಷ ಬ್ಲೌಸು ಹೊಲಿದ ದುಡ್ಡಿನಲ್ಲಿ ಅವಳೇ ಕೊಡಿಸಿದ್ದು. ಧೂಳು ಕೂರಬಾರದೆಂದು ಉಳಿದ ಬಟ್ಟೆಯಲ್ಲಿ ಸಿಪಿಯುಗೆ ಲೇಸು ಹಚ್ಚಿದ ಕವರನ್ನೂ ಹೊಲಿದಿದ್ದಳು. ಕೆಲಸ ಮಾಡುವಾಗಲೂ ನಾನು ಅದನ್ನು ತೆಗೆಯುತ್ತಿರಲಿಲ್ಲ. ಆಯುಧಪೂಜೆಗೆ ಎರಡಕ್ಕೂ ಒಟ್ಟಿಗೇ ಕುಂಕುಮ.

ಮತ್ತೊಮ್ಮೆ ಆನ್ ಮಾಡಿ ಬಯಾಸ್ ಪರದೆಗೆ ಹೋಗಿ ನೋಡಿದೆ. ಪ್ರೊಸೆಸರಿನ ಶಾಖ 94 ಡಿಗ್ರಿ. ಸುಮಾರು 100ರ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗುವ ಮೊದಲು ತಾನೇ ಆರಿಕೊಳ್ಳುತ್ತದೆ. ಅಂದರೆ ನನ್ನ ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದಕ್ಕೆ ಉಸಿರು ಕಟ್ಟಿತ್ತು.

ಪ್ಲಗ್ಗು ಕಿತ್ತು, ಒಳಗೆ ಉಳಿದ ವಿದ್ಯುತ್ತು ಇಳಿಯಲಿ ಎಂದು ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ. ಯಾವ ವೈರು ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಸಿಪಿಯುವನ್ನು ಜಗುಲಿಗೆ ಹೊತ್ತು ತಂದೆ. ಪಕ್ಕದ ಮನೆಯವರು ವ್ಯಾಕ್ಯೂಮ್ ಕ್ಲೀನರ್ ಕೊಡುತ್ತೇವೆ ಎಂದರು, ಬೇಡವೆಂದೆ. ಅದರ ಕೊಳವೆಯಲ್ಲಿ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ಸೀರೆ ಮಡಿಸುವಾಗ ಚಟಪಟ ಅನ್ನುತ್ತದಲ್ಲ, ಅದೇ. ಅದು ನಮ್ಮ ಬೆರಳಿಗೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪು ಕೆಡಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಹಾಗಾಗಿ ಒಳಗೆ ಕೈ ಹಾಕುವ ಮುನ್ನ ಪ್ರತಿಸಲವೂ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿಕೊಂಡೆ.

ಮುಚ್ಚಳ ತೆಗೆದೆ. ಬೂದು ಬಣ್ಣದ ಧೂಳಿರುತ್ತದೆ ಎಂದುಕೊಂಡಿದ್ದೆ. ಫ್ಯಾನಿನ ಕೆಳಗೆ, ಹೀಟ್‌ಸಿಂಕಿನ ಲೋಹದ ಹಲ್ಲುಗಳ ನಡುವೆ, ಕಂಬಳಿಯ ತುಂಡಿನ ಹಾಗೆ ಒತ್ತಾಗಿ ಕೂತಿದ್ದದ್ದು ನೂಲು. ಅದರಲ್ಲಿ ಕೆಂಪು, ಗಿಳಿಹಸಿರು, ಮದುವೆ ಸೀರೆಗಳ ಅರಿಶಿನ. ಬೀದಿಯ ಆರು ವರ್ಷದ ಬ್ಲೌಸುಗಳೆಲ್ಲ ಅಲ್ಲಿದ್ದವು.

ಬಾಯಲ್ಲಿ ಊದಲು ಬಗ್ಗಿದೆ. “ಊದಬೇಡ, ಎಂಜಲು ಬೀಳುತ್ತೆ, ಇನ್ನೂ ಒಳಕ್ಕೆ ಹೋಗುತ್ತೆ” ಎಂದು ಅಮ್ಮ ತಡೆದಳು. ಒಳಗೆ ಹೋಗಿ ತನ್ನ ಮಿಷನ್ನಿನ ಮೆತ್ತನೆ ಬ್ರಶ್ಶು ತಂದು, ಎಣ್ಣೆ ತಾಗಿದೆಯಾ ಎಂದು ಬೆರಳಿಗೆ ಸವರಿ ನೋಡಿ ಕೊಟ್ಟಳು. “ಬಾಬಿನ್ ಕೆಳಗೂ ಹಿಂಗೇ ಕೂತಿರುತ್ತೆ. ವಾರಕ್ಕೊಂದ್ಸಲ ತೆಗೀಲಿಲ್ಲಾಂದ್ರೆ ಹೊಲಿಗೆ ತಪ್ಪುತ್ತೆ. ನೀನು ಇದನ್ನ ಯಾವಾಗ ತೆಗ್ದಿದ್ದೆ?”

ಒಂದು ಸಲವೂ ತೆಗೆದಿರಲಿಲ್ಲ.

ಫ್ಯಾನು ಗಿರ್ರನೆ ತಿರುಗಿ ಹಾಳಾಗದಂತೆ ಅದರ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೆ. ಅಮ್ಮ ಮೇಲಿನಿಂದ ಕೆಳಕ್ಕೆ ಬ್ರಶ್ಶಾಡಿಸಿದಳು. ಸಡಿಲವಾದದ್ದನ್ನು ನಾನು ರಬ್ಬರ್ ಬ್ಲೋವರಿನಿಂದ ಹೊರಗೆ ಹಾರಿಸಿದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲಿಲ್ಲ; ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಅದರ ಜಾಲರಿಯನ್ನು ಹೊರಗಿನಿಂದ ಒರೆಸಿದ್ದಷ್ಟೆ. “ಒಂದು ತೊಟ್ಟು ಎಣ್ಣೆ?” ಎಂದಳು ಅಮ್ಮ. “ಇದಕ್ಕೆ ಬೇಡಮ್ಮ” ಎಂದೆ.

ಧೂಳು ಏಳುತ್ತದೆಂದು ನಾನು ಮಾಸ್ಕ್ ಕಟ್ಟಿಕೊಂಡಿದ್ದೆ. ಅವಳು ಕಟ್ಟಿಕೊಂಡಿರಲಿಲ್ಲ. ನಡುವೆ ಬ್ರಶ್ಶು ಕೆಳಗಿಟ್ಟು, ಸೆರಗು ಬಾಯಿಗೊತ್ತಿ ಕೆಮ್ಮಿದಳು. ರಾತ್ರಿ ಗೋಡೆಯಾಚೆ ವರ್ಷಗಳಿಂದ ಕೇಳಿಸಿಕೊಂಡು ನಾನು ಮಗ್ಗುಲು ಬದಲಿಸುತ್ತಿದ್ದ ಅದೇ ಕೆಮ್ಮು. ನನ್ನ ಕೈಯಲ್ಲಿ ಆರು ವರ್ಷದ ನೂಲಿತ್ತು. ಅವಳು ಆ ಕಿಟಕಿಯ ಪಕ್ಕ ಕೂತು ಇಪ್ಪತ್ತೆರಡು ವರ್ಷ. ಕಂಪ್ಯೂಟರಿಗಾದರೋ ತಡೆಯಲಾರದಾಗ ಆರಿಕೊಳ್ಳುವ ವ್ಯವಸ್ಥೆಯಿತ್ತು.

“ಡಾಕ್ಟರಿಗೆ ತೋರಿಸೋಣ” ಎಂದೆ.

“ಥಂಡಿ ಕಣೇ. ಮೊದ್ಲು ನಿನ್ನ ಬರವಣಿಗೆ ಮುಗೀಲಿ.”

ಎಲ್ಲ ಜೋಡಿಸಿ ಆನ್ ಮಾಡಿದಾಗ ಬಯಾಸ್ 48 ಡಿಗ್ರಿ ತೋರಿಸಿತು. ಅಮ್ಮ ಆ ಅಂಕಿ ನೋಡಿ, ಪರೀಕ್ಷೆಯಲ್ಲಿ ನಾನು ಪಾಸಾದಾಗ ನಕ್ಕಂತೆ ನಕ್ಕಳು. ನನ್ನ ಪ್ರಬಂಧದ ವಿಷಯ ಮಹಿಳೆಯರ ಆತ್ಮಕಥನಗಳಲ್ಲಿ ದುಡಿಮೆ. ಆ ಸಂಜೆ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಅಧ್ಯಾಯವನ್ನು ಎರಡು ದಿನ ತಡವಾಗಿ ಕೊಟ್ಟೆ. ಆ ಎರಡು ದಿನದಲ್ಲಿ ಒಂದು ಆಸ್ಪತ್ರೆಯಲ್ಲಿ ಕಳೆಯಿತು. ಎದೆಯ ಎಕ್ಸ್‌ರೇ ಆಯಿತು, ಇನ್ಹೇಲರ್ ಬಂತು. ಇನ್ನೊಂದು ದಿನ ಮಿಷನ್ನನ್ನು ಗಾಳಿಯಾಡುವ ಜಗುಲಿಯ ಬಾಗಿಲ ಬಳಿಗೆ ಎಳೆದೆವು. ಲೇಸಿನ ಕವರು ಈಗಲೂ ಇದೆ. ಕಂಪ್ಯೂಟರ್ ಆರಿಸಿ, ಅದು ತಣ್ಣಗಾದ ಮೇಲೆ ಹೊದಿಸುತ್ತೇನೆ. ಭಾನುವಾರ ಬೆಳಿಗ್ಗೆ ಅಮ್ಮ ಬಾಬಿನ್ ಕೆಳಗಿನ ನೂಲು ತೆಗೆಯಲು ಕೂತಾಗ ನಾನೂ ಸಿಪಿಯುವಿನ ಜಾಲರಿ ಒರೆಸುತ್ತೇನೆ. ಮಾಸ್ಕನ್ನು ಮೊದಲು ಅವಳಿಗೆ ಕಟ್ಟುತ್ತೇನೆ. ಸೆಕೆ ಎಂದು ಬೈಯುತ್ತಲೇ ಕಟ್ಟಿಸಿಕೊಳ್ಳುತ್ತಾಳೆ.