ನಮ್ಮ ಹೊಳೆಯ ಮೀನು, ಅವರ ಮಡುವಿನಲ್ಲಿ

ತಿಮ್ಮಾಪುರದಿಂದ ಮುಧೋಳಕ್ಕೆ ಬಂದು ರಾತ್ರಿ ಬಸ್ ಹತ್ತಿದರೆ ಬೆಳಗಿಗೆ ಬೆಂಗಳೂರು. ಅಲ್ಲಿಂದ ಕನಕಪುರ, ಹಲಗೂರು ದಾಟಿ ಸುಮಾರು ನೂರು ಕಿಲೋಮೀಟರ್ ಹೋದರೆ ಕಾವೇರಿ ದಂಡೆಯ ಭೀಮೇಶ್ವರಿ. ಒಂದು ಮೀನಿನ ಕಥೆ ಬೆನ್ನುಹತ್ತಿ ಇಷ್ಟು ದೂರ ಹೊರಟವನನ್ನು ಕಂಡು ಮನೆಯಲ್ಲಿ ನಕ್ಕರು. ಘಟಪ್ರಭೆಯಲ್ಲಿ ಮೀನಿಲ್ಲವೇ ಎಂದರು.

ಹರಗೋಲು ನಡೆಸುವವರಿಗೆ ಅರವತ್ತು ದಾಟಿತ್ತು. ನಮ್ಮ ಸೀಮೆಯ ರೂಢಿಯಂತೆ ‘ಕಾಕಾ’ ಅಂದೆ. ಅವರಿಗೆ ಆ ಮಾತೇ ತಮಾಷೆ. ಒಂದು ಕಾಲಕ್ಕೆ ಅವರು ‘ಗಿಲ್ಲಿ’ ಆಗಿದ್ದವರು. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯಲು ಬರುವ ದೊರೆಗಳಿಗೆ ಹೊಳೆ ತೋರಿಸುವವನ ಹೆಸರು ಅದು. ಬಿಳಿಯರ ಗಾಳದ ಜೊತೆ ಕಾವೇರಿಗೆ ಬಂದು ಸೋಲಿಗರ, ಬೆಸ್ತರ ಹಟ್ಟಿಯ ಮಾತಾಗಿಬಿಟ್ಟಿದೆ.

ಸಾಲ್ಮನ್ ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆ ಹತ್ತುತ್ತದೆ. ಪೆಸಿಫಿಕ್ಕಿನ ಚಿನೂಕ್ ಜಾತಿಯದಾದರೆ ಅಲ್ಲೇ ಸಾಯುತ್ತದೆ. ಸ್ಟೀಲ್‌ಹೆಡ್ ಎಂಬುದು ಕಡಲು ಕಂಡ ಮಳೆಬಿಲ್ಲು ಟ್ರೌಟ್, ಅದು ಬದುಕಿ ಮತ್ತೆ ಕಡಲಿಗೆ ಮರಳಲೂಬಹುದು. ನಾನು ಬೆನ್ನುಹತ್ತಿ ಬಂದ ಕಾವೇರಿಯ ಮಶೀರ್ ಇವೆರಡಕ್ಕೂ ನೆಂಟನಲ್ಲ, ಗೆಂಡೆ ಮೀನಿನ ಕುಲದ್ದು. ಆದರೆ ಗಾತ್ರದಲ್ಲಿ, ಸೆಣಸಾಟದಲ್ಲಿ ಯಾರಿಗೂ ಕಡಿಮೆಯಿಲ್ಲ. 1946ರ ಮಾರ್ಚಿನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆ.ಜಿ. ಸತ್ತ ಹುಲಿ, ಚಿರತೆಗಳನ್ನು ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮನೆತನದವರು ಅವರು.

ಹರಗೋಲು ಹತ್ತುವ ಮುಂಚೆ ಕಾಕಾ ಲೈಫ್ ಜಾಕೆಟ್ ಚಾಚಿದರು. ಹೊಳೆ ದಂಡೆಯವನು, ಈಜು ಬರುತ್ತದೆ ಎಂದೆ.

“ಸುಳಿಗೆ ಅದು ಗೊತ್ತಾಗಕಿಲ್ಲ ಸಾ. ಬಕ್ಕಲ್ ಹಾಕ್ಕಳಿ.”

ಪಾಠ ಅಲ್ಲಿಗೇ ಮುಗಿಯಲಿಲ್ಲ. ತಳದಲ್ಲಿ ಕೂರಬೇಕು, ಎಲ್ಲರೂ ಒಂದೇ ಕಡೆ ವಾಲಬಾರದು. ಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲಲು ಹೋಗಬಾರದು: ಕಾಲು ಬಂಡೆಗಳ ಸಂದಿಗೆ ಸಿಕ್ಕಿದರೆ ನೀರೇ ಮೈಯನ್ನು ಮುಂದಕ್ಕೆ ಮಗುಚಿ ಅದುಮುತ್ತದೆ. ಅಂಗಾತ ಮಲಗಿ, ಕಾಲು ಮುಂದಕ್ಕೆ ಚಾಚಿ ತೇಲುತ್ತ ದಡದತ್ತ ಸರಿಯಬೇಕು. ಗಾಳದ ದಾರವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಪಕ್ಕದ ಮುತ್ತತ್ತಿಯಲ್ಲಿ ನೀರಿಗಿಳಿಯಬೇಡಿ ಎಂಬ ಫಲಕದ ಕೆಳಗೇ ಬಟ್ಟೆ ಬಿಚ್ಚಿಟ್ಟು ಇಳಿದವರನ್ನು ಹುಡುಕಲು ಎಷ್ಟೋ ಸಲ ಇದೇ ಹರಗೋಲು ಹೋಗಿದೆಯಂತೆ. ಮೇಲುನೋಟಕ್ಕೆ ಮೊಣಕಾಲುದ್ದ ಕಾಣುವ ನೀರು, ಒಂದು ಹೆಜ್ಜೆ ಆಚೆ ಮಡು.

ಅವರು ಹೇಳುತ್ತಿದ್ದಾಗ ನನ್ನ ಕಣ್ಣೆದುರು 2019ರ ಆಗಸ್ಟ್. ಹಿಡಕಲ್ ಅಣೆಕಟ್ಟೆಯಿಂದ ಬಿಟ್ಟ ನೀರು ಮುಧೋಳದ ಯಾದವಾಡ ಸೇತುವೆಯನ್ನು ನುಂಗಿತ್ತು. ಊರಲ್ಲಿ ಮಳೆಯೇ ಇಲ್ಲದ ದಿನ ಹೊಳೆ ಏರುವುದನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ಕಾವೇರಿಯ ಕಥೆಯೂ ಅದೇ, ಮೇಲೆ ಕೃಷ್ಣರಾಜಸಾಗರ, ಕಬಿನಿ. ದಂಡೆಯ ಒದ್ದೆ ಗೆರೆ ಒಂದು ಗೇಣು ಮೇಲೇರಿದರೂ ಕಾಕಾ ಹುಟ್ಟು ಎತ್ತಿಡುತ್ತಾರೆ.

ಗಾಳದ ಕಾಲದ ಮಾತು ತೆಗೆದರೆ ಅವರ ಮುಖವೇ ಬೇರೆ. ಬೇಯಿಸಿದ ರಾಗಿ ಹಿಟ್ಟಿಗೆ ಸೋಂಪು ಬೆರೆಸಿ ನಾದಿದ ನಿಂಬೆಗಾತ್ರದ ಉಂಡೆ. ಮೀನು ಕಚ್ಚಿದರೆ ರೀಲು ಚೀರುತ್ತದೆ, ಮೀನು ಕೊರಕಲಿಗೆ ನುಗ್ಗುತ್ತದೆ, ಹರಗೋಲು ಅದರ ಹಿಂದೆ. ದಣಿದ ಮೀನನ್ನು ತೂಗಿ, ನೀರಿಗೇ ಬಿಡುವುದು. ಮಡುಗಳನ್ನು ಕಾಯುತ್ತಿದ್ದ ಗಿಲ್ಲಿಗಳಲ್ಲಿ ಹಿಂದೆ ಕದ್ದು ಮೀನು ಹಿಡಿದವರೂ, ಸಿಡಿಮದ್ದು ಎಸೆದವರೂ ಇದ್ದರು. 2012ರ ಹೊತ್ತಿಗೆ ಇಲ್ಲಿನ ಅಭಯಾರಣ್ಯದೊಳಗೆ ಗಾಳ ನಿಂತಿತು. ಗಾಳದವರಿದ್ದಾಗ ಮಡುಗಳಿಗೆ ರಾತ್ರಿ ಕಾವಲಿತ್ತು ಎನ್ನುತ್ತಾರೆ ಕಾಕಾ. ಅವರ ವಾದ ತಳ್ಳಿಹಾಕುವಂಥದ್ದಲ್ಲ.

ಇದೇ ಹೊಳೆಯ ಗಲಿಬೋರೆ ಗಾಳದ ಶಿಬಿರದ ದಾಖಲೆ ಪುಸ್ತಕಗಳಲ್ಲಿ 1998ರಿಂದ 2012ರವರೆಗೆ ಆರು ಸಾವಿರಕ್ಕೂ ಹೆಚ್ಚು ಮಶೀರ್‌ಗಳ ತೂಕವಿದೆ. ಆಟಕ್ಕೆಂದು ಬರೆದ ಲೆಕ್ಕ ವಿಜ್ಞಾನಿಗಳ ಕೈಗೆ ಬಂದಾಗ ಬೇರೆಯೇ ಕಥೆ ಹೇಳಿತು. ಕಾವೇರಿಯದೇ ಆದ, ಬೆನ್ನು ಗೂನಿನ, ಕಿತ್ತಳೆ ರೆಕ್ಕೆಯ ಮಶೀರ್ ಕಡಿಮೆಯಾಗುತ್ತ, ನೀಲಿ ರೆಕ್ಕೆಯದು ಹೆಚ್ಚುತ್ತ ಬಂದಿತ್ತು. ಗೂನುಬೆನ್ನಿನದು ಟಾರ್ ರೇಮಾದೇವಿ ಎಂದು ಖಚಿತವಾಗಿದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಹಾಗಾದರೆ ನೀಲಿ ರೆಕ್ಕೆಯದು ಎಲ್ಲಿಯದು? ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ಹೆಸರಿಟ್ಟದ್ದು. ಮುಳಾ-ಮುಠಾ ಭೀಮೆಗೆ, ಭೀಮೆ ಕೃಷ್ಣೆಗೆ; ನಮ್ಮ ಘಟಪ್ರಭೆಯೂ ಸೇರುವುದು ಕೃಷ್ಣೆಯನ್ನೇ. ಲೋಣಾವಳದ ಟಾಟಾ ಕೆರೆಗಳ ದಂಡೆಯಲ್ಲಿ ಮರಿ ಮಾಡಿಸಿ, 1970ರ ದಶಕದಿಂದೀಚೆಗೆ ಒಳ್ಳೆಯದಾಗಲೆಂದೇ ಕಾವೇರಿಗೂ ಬಿಟ್ಟರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲೂ ಸಾಕುಮನೆಯ ಸ್ಟೀಲ್‌ಹೆಡ್ ಮರಿಗಳಿಂದ ಕಾಡು ಸ್ಟೀಲ್‌ಹೆಡ್‌ಗೆ ಇಂಥದೇ ಪೆಟ್ಟು ಬಿದ್ದಿದೆ.

ಅಂದರೆ ನಾನು ಇಷ್ಟು ದೂರ ಬಂದು ಕಂಡದ್ದು ನಮ್ಮ ಕಣಿವೆಯ ಮೀನನ್ನೇ. ಕಾಕಾ ಒಂದು ಹಿಡಿ ಮಂಡಕ್ಕಿ ಎಸೆದಾಗ ನೀರು ಬುಳಕ್ಕೆಂದಿತು. ಒಂದು ಕರಿನೀಲಿ ರೆಕ್ಕೆ ಮೇಲೆದ್ದು ಮುಳುಗಿತು.

“ನಿಮ್ಮೂರ್ ಕಡೇದು, ಮಾತಾಡ್ಸಿ ಸಾ,” ಎಂದು ಅವರು ಹರಗೋಲನ್ನು ದಡಕ್ಕೆ ತಿರುಗಿಸಿದರು.